ಲೋಮ್ನಿಕ್ಕಿನ ಮಧ್ಯಾಹ್ನದ ಸೈರನ್

ಅಮೆರಿಕದ ನೆಬ್ರಾಸ್ಕದ ಬಯಲಿನಲ್ಲಿ ಲೋಮ್ನಿಕ್ ಎಂಬ ಊರು ಹುಟ್ಟಿದ್ದು ಉಗಿ ಎಂಜಿನ್ನಿಗೆ ಬಾಯಾರಿಕೆ ಆಗುತ್ತಿದ್ದ ಕಾರಣಕ್ಕೆ. ಎಂಜಿನ್ನಿಗೆ ನೀರು ಬೇಕಾದ ಕಡೆಯಲ್ಲೆಲ್ಲ ರೈಲಿನವರು ಒಂದೊಂದು ಊರಿಗೆ ಗೂಟ ಹೊಡೆದರು. ಯುರೋಪಿನ ಬೊಹೀಮಿಯಾದಿಂದ ಬಂದ ಜನ ಆ ಗೂಟವನ್ನೇ ನಂಬಿ ಇಗರ್ಜಿ, ಶಾಲೆ, ಬ್ಯಾಂಕು, ಎರಡು ಹೆಂಡದಂಗಡಿ ಎಲ್ಲ ಕಟ್ಟಿಕೊಂಡರು. ಆಮೇಲೆ ಡೀಸೆಲ್ ಬಂತು. ಎಂಜಿನ್ನಿಗೆ ನೀರು ಬೇಡವಾಯಿತು, ರೈಲಿಗೆ ಊರು ಬೇಡವಾಯಿತು. ಹಳಿ ಕಿತ್ತುಕೊಂಡು ಹೋಗುವಾಗಲೂ ಈ ಮಾತನ್ನು ಊರಿನವರಿಗೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾನೂರು ಜನರಿದ್ದಲ್ಲಿ ಈಗ ಐವತ್ತು ಅರವತ್ತು ಮಂದಿ. ಅದರಲ್ಲೂ ಅರ್ಧಕ್ಕರ್ಧ ಗೋಡೆ ಹಿಡಿದು ನಡೆಯುವವರು.

ಉಳಿದದ್ದೆಂದರೆ ಮಧ್ಯಾಹ್ನದ ಸೈರನ್. ಬೆಂಕಿ ಬಿದ್ದಾಗ ಗಂಡಸರನ್ನು ಕರೆಯಲೆಂದು ಬೆಂಕಿ ಆರಿಸುವ ಲಾರಿ ನಿಲ್ಲಿಸುವ ಶೆಡ್ಡಿನ ಮೇಲೆ ಅದನ್ನು ಕೂರಿಸಿದ್ದರು. ದಿನವೂ ಹನ್ನೆರಡಕ್ಕೆ ಒಮ್ಮೆ ಚಿಕ್ಕದಾಗಿ ಕೂಗಿಸುವುದು ಅಜ್ಜಂದಿರ ಕಾಲದ ರೂಢಿ; ನಿಲ್ಲದೆ ಕೂಗಿದರೆ ಬೆಂಕಿ ಎಂದು ಅರ್ಥ. ಅದರ ಗುಂಡಿಯನ್ನು ಒತ್ತಿ ಹಿಡಿಯುವ ಕೆಲಸ ಎದುರು ಮನೆಯ ವಿಧವೆ ಲಿಬ್ಬಿಯದು. ಮೊದಲು ಅವಳ ಮಾವ ಒತ್ತುತ್ತಿದ್ದ, ಆಮೇಲೆ ಗಂಡ, ಈಗ ಅವಳು. ಸೈರನ್ ಕೂಗಿದರೆ ಊರು ಊಟಕ್ಕೆ ಕೂರುತ್ತಿತ್ತು. ಲಿಬ್ಬಿಗೆ ಇದರ ಬಗ್ಗೆ ಸ್ವಲ್ಪ ಜಂಬವೂ ಇತ್ತು, ಇದ್ದರೆ ತಪ್ಪೇನಿಲ್ಲ.

ಆದರೆ ಆ ಚಳಿಗಾಲ ಗುಂಡಿ ಎರಡು ಸಲ ಅಂಟಿಕೊಂಡು ಸೈರನ್ ಬಾಯಿ ಮುಚ್ಚದೆ ಅರಚಿತು. ಊರ ಸಭೆಯಲ್ಲಿ ಅವಳ ಮೈದುನ ವೆನ್ಸಿಲ್ ಎದ್ದು ನಿಂತ. ಬೆಂಕಿ ಆರಿಸುವ ತಂಡಕ್ಕೆ ಅವನೇ ಮುಖ್ಯಸ್ಥ.

"ಅತ್ತಿಗೆ, ನಿನ್ನ ದಮ್ಮಯ್ಯ ಅಂತೀನಿ, ಮಧ್ಯಾಹ್ನದ್ದು ನಿಲ್ಸು. ಎರಡು ಸಲಾನೂ ಬಾಯಲ್ಲಿ ತುತ್ತು ಇಟ್ಕೊಂಡೇ ಓಡಿ ಬಂದ್ವಿ. ಮೂರನೇ ಸಲ ಯಾರೂ ಏಳಲ್ಲ. ಸೈರನ್ ಬೆಂಕಿಗೆ ಮಾತ್ರ ಇರ್ಲಿ."

"ರೈಲು ಹೋಯ್ತು, ಸುಮ್ನಿದ್ದೆ. ಶಾಲೆ ಮುಚ್ಚಿದ್ರು, ಸುಮ್ನಿದ್ದೆ," ಲಿಬ್ಬಿ ಕೂತಲ್ಲಿಂದಲೇ ದನಿ ಏರಿಸಿದಳು. "ಇದೂ ನಿಂತ್ರೆ ಇಲ್ಲೊಂದು ಊರಿದೆ ಅಂತ ಯಾರಿಗಪ್ಪಾ ಗೊತ್ತಾಗೋದು? ಮೆಕ್ಕೆಜೋಳಕ್ಕಾ?"

ಎಲ್ಲರೂ ನಕ್ಕರು. ಲಿಬ್ಬಿಯ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದ್ದ ಹೆಡ್ವಿಕಾ ಊರುಗೋಲನ್ನು ನೆಲಕ್ಕೆ ಕುಟ್ಟಿದಳು.

"ಅದು ಕೂಗ್ದೆ ಇದ್ರೆ ನಾನು ಮಾತ್ರೆ ನುಂಗೋದು ಯಾವಾಗಯ್ಯಾ? ನನ್ನ ಕೈ ಲಿಬ್ಬಿ ಕಡೆಗೆ."

ಅವಳ ಕೈ ಮೇಲೆದ್ದಿದ್ದನ್ನು ನೋಡಿ ಉಳಿದವರೂ ಎತ್ತಿದರು. ಲಿಬ್ಬಿ ಗೆದ್ದಳು. ಗುಂಡಿ ಬದಲಾಯಿಸೋಣ ಎಂದು ಹತ್ತು ಜನ ಅಂದರು, ಬದಲಾಯಿಸಲು ಒಬ್ಬನೂ ಬರಲಿಲ್ಲ.

ಬೆಂಕಿ ಬಿದ್ದದ್ದು ಮುಂದಿನ ಅಕ್ಟೋಬರಿನಲ್ಲಿ. ಒಣಗಿದ ಮೆಕ್ಕೆಜೋಳದ ದಂಟುಗಳ ಮೇಲೆ ತೆಂಕಣ ಗಾಳಿ ಬೀಸುತ್ತಿತ್ತು. ಹನ್ನೆರಡು ಹೊಡೆಯುವ ಹೊತ್ತಿಗೆ ಲಿಬ್ಬಿ ಶೆಡ್ಡಿನ ಬಾಗಿಲು ತೆಗೆದು ತಿರುಗಿ ನೋಡಿದಳು. ಧಾನ್ಯದ ಕಣಜದಾಚೆ, ಊರಿನ ಕೊನೆಯಲ್ಲಿ, ಹೆಡ್ವಿಕಾಳ ಅಡುಗೆಮನೆಯಿಂದ ಕಪ್ಪು ಹೊಗೆ ಏಳುತ್ತಿತ್ತು.

ಲಿಬ್ಬಿ ಗುಂಡಿ ಒತ್ತಿದಳು. ಒತ್ತಿದವಳು ಬಿಡಲಿಲ್ಲ. ಸೈರನ್ ಏರಿ ಊರ ಮೇಲೆಲ್ಲ ಹರಡಿತು. ಈಗ ಬರುತ್ತಾರೆ, ಈಗ ಬರುತ್ತಾರೆ ಎಂದು ಬೀದಿ ನೋಡಿದಳು. ನಾಯಿ ಸಹ ಬರಲಿಲ್ಲ. ವೆನ್ಸಿಲ್‌ನ ಮನೆಯ ಕಿಟಕಿಯಲ್ಲಿ ಒಂದು ಕೈ ಕಾಣಿಸಿತು. ಅದು ಸದ್ದು ತಡೆಯಲಾರದೆ ಕಿಟಕಿ ಮುಚ್ಚಿತು.

ಕೈ ಬಿಟ್ಟರೆ ಸೈರನ್ ನಿಲ್ಲುತ್ತದೆ, ಬಿಡದಿದ್ದರೆ ಕರೆಯಲು ಹೋಗಲಾಗದು. ಲಾರಿ ಓಡಿಸಲು ಅವಳಿಗೆ ಬಾರದು. ದೇವರೇ, ಒಬ್ಬರಾದರೂ ಬರಲಿ ಎಂದು ಇನ್ನಷ್ಟು ಹೊತ್ತು ಹಿಡಿದಳು. ಕೊನೆಗೆ ಬಿಟ್ಟು ಓಡಿದಳು. ಸೈರನ್ ಇಳಿದು ನಿಂತಾಗ ಊರೆಲ್ಲ ಸದ್ಯ ಎಂದು ಉಸಿರು ಬಿಟ್ಟಿರಬೇಕು.

ವೆನ್ಸಿಲ್ ಸೂಪಿನ ಬಟ್ಟಲ ಮುಂದೆ ಕೂತಿದ್ದ. "ಏನತ್ತಿಗೆ, ಮತ್ತೆ ಅಂಟ್ಕೊಂಡಿತ್ತಾ? ಕೂತ್ಕೋ ಬಾ, ಓಡಿ ಸುಸ್ತಾಗಿದೀಯ."

ಲಿಬ್ಬಿಗೆ ಉಸಿರು ಸಿಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು, "ಹೆಡ್ವಿಕಾ," ಅಂದಳು. "ಹೊಗೆ."

ಲಾರಿ ಹೋಗುವಷ್ಟರಲ್ಲಿ ಮಾಡು ಕುಸಿದಿತ್ತು. ಹೆಡ್ವಿಕಾ ಹಿಂಬಾಗಿಲ ಹತ್ತಿರವೇ ಉಸಿರಿಲ್ಲದೆ ಸಿಕ್ಕಳು. ಅಷ್ಟು ದೂರ ತೆವಳಿಕೊಂಡು ಬಂದಿದ್ದಳು.

ಲಿಬ್ಬಿಯನ್ನು ಯಾರೂ ಒಂದು ಮಾತು ಅನ್ನಲಿಲ್ಲ. ಸಂಜೆಯ ಹೊತ್ತಿಗೆ ಅವಳ ಮನೆಗೆ ಗಸಗಸೆ ತುಂಬಿದ ಕೊಲಾಚೆ ರೊಟ್ಟಿ ಬಂತು, ಹಂದಿಮಾಂಸ ಬಂತು, ಸಾರು ಬಂತು. ಒಂದೊಂದು ಪಾತ್ರೆ ಬಂದಾಗಲೂ ಅವಳು ಮುಚ್ಚಳ ತೆಗೆಯದೆ ಮೇಜಿನ ಮೇಲಿಟ್ಟಳು. ವೆನ್ಸಿಲ್ ಟೋಪಿ ಕೈಯಲ್ಲಿ ಹಿಡಿದು ಅಂಗಳದಲ್ಲೇ ನಿಂತ.

"ಬೈಯೋ ನನ್ನ," ಅಂದಳು ಲಿಬ್ಬಿ. "ನೀನು ಹೇಳ್ದಂಗೇ ಆಯ್ತು. ಬಾಯ್ತುಂಬ ಬೈದುಬಿಡು."

"ಏನಂತ ಬೈಲಿ ಅತ್ತಿಗೆ? ಕಿಟಕಿ ಮುಚ್ಚಿದ್ದು ನಾನೇ."

ಅವನು ಅಷ್ಟು ಹೇಳಿ ಹೊರಟುಹೋದ.

ಮಾರನೆಯ ದಿನ ಹನ್ನೆರಡಾಗುತ್ತ ಬಂದರೂ ಲಿಬ್ಬಿ ಅಡುಗೆಮನೆಯ ಕುರ್ಚಿಯಿಂದ ಏಳಲಿಲ್ಲ. ಇನ್ನು ಆ ಗುಂಡಿ ಮುಟ್ಟುವುದಿಲ್ಲ ಎಂದು ನಿಶ್ಚಯಿಸಿದ್ದಳು. ಗಡಿಯಾರ ಹನ್ನೆರಡು ಹೊಡೆಯಿತು. ಹೊರಗೆ ಗಾಳಿಯ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ಆಮೇಲೆ ಒಂದು ಬಾಗಿಲು ತೆರೆದುಕೊಂಡಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ವೆನ್ಸಿಲ್ ಕೊರಳಲ್ಲಿ ಊಟದ ಬಟ್ಟೆ ಸಿಕ್ಕಿಸಿಕೊಂಡೇ ಓಡಿ ಬಂದ. ಹೆಂಗಸರು ಒದ್ದೆ ಕೈಯಲ್ಲಿ ಬಂದರು. ಗೋಡೆ ಹಿಡಿದು ನಡೆಯುವವರು ಗೋಡೆ ಬಿಟ್ಟು ಬಂದರು. ಶೆಡ್ಡಿನ ಮೇಲೆ ನೋಡಿದರು, ಅವಳ ಮನೆಯ ಕಡೆ ನೋಡಿದರು.

"ಲಿಬ್ಬೀ! ಏನಾಯ್ತೇ? ಲಿಬ್ಬೀ!"

ಅವಳು ಪರದೆ ಸರಿಸಿ ನೋಡಿದಳು. ಹೆಡ್ವಿಕಾಳೊಬ್ಬಳನ್ನು ಬಿಟ್ಟು ಊರಿಗೆ ಊರೇ ಬಂದಿತ್ತು.