ಕಂಬಗಳ ನಡುವಿನ ಎಂಟು ಇಂಚು

ಕಾಪುವಿನ ದೇವದಾಸ ಆಚಾರ್ಯರು ಐವತ್ತು ವರ್ಷ ಬಡಗಿ ಕೆಲಸ ಮಾಡಿದವರು. ಅವರು ಕೂರಿಸಿದ ಬಾಗಿಲು ಒಂದೂ ತಿರುಗಿ ಬಂದದ್ದಿಲ್ಲ. ಅಂಥವರಿಗೆ ನೆರೆಮನೆಯ ಡೊಮಿನಿಕ್ ಬೇಲಿಯಾಚೆಯಿಂದ ಹೇಳಿದ ಒಂದು ಮಾತಿನಿಂದ ಎರಡು ದಿನ ಅನ್ನ ಇಳಿಯಲಿಲ್ಲ.

“ಆಚಾರ್ರೆ, ಕಾರ್ಕಳದ ಹಳೆ ಪೇಟೆ ನೋಡಲಿಕ್ಕೆ ಹೋಗಿದ್ದೆ. ಒಬ್ಬಳು ಹುಡುಗಿ ಆದಿತ್ಯವಾರ ಜನರನ್ನು ನಡೆಸಿಕೊಂಡು ಹೋಗಿ ಮನೆಗಳನ್ನೆಲ್ಲ ತೋರಿಸ್ತಾಳೆ. ನಿಮ್ಮ ಅಜ್ಜ ಕಟ್ಟಿದ ಮನೆಯೂ ಉಂಟು. ಅದರಲ್ಲಿ ಬಡಗಿಗೆ ಅಳತೆಯೇ ತಪ್ಪಿದೆಯಂತೆ, ಮಾರಾಯ್ರೆ! ಎಲ್ಲರೂ ನಗಾಡಿದ್ದೇ ನಗಾಡಿದ್ದು.”

“ನೀವೂ ನಗಾಡಿದಿರಾ?”

“ಸ್ವಲ್ಪ,” ಎಂದರು ಡೊಮಿನಿಕ್.

ಅಜ್ಜನ ಹೆಸರು ಯಾವ ಕಾಗದದಲ್ಲಿಯೂ ಉಳಿದಿರಲಿಲ್ಲ. ಉಳಿದಿದ್ದುದು ಆ ಮನೆಯೊಂದೇ. ಅದೂ ತಪ್ಪೆಂದಾದರೆ ಮತ್ತೇನು ಉಳಿಯಿತು? ಮುಂದಿನ ಭಾನುವಾರ ಆಚಾರ್ಯರು ಅಳತೆಯ ಟೇಪನ್ನು ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದರು. ಆ ಹುಡುಗಿಯಿಂದ ತಪ್ಪೊಪ್ಪಿಗೆ ಪಡೆಯದೆ ಹಿಂದಿರುಗುವುದಿಲ್ಲವೆಂಬುದು ಅವರ ನಿಶ್ಚಯ.

ಹುಡುಗಿಯ ಹೆಸರು ಚೈತಾಲಿ. ಮಣಿಪಾಲದಲ್ಲಿ ಕಟ್ಟಡ ವಿನ್ಯಾಸ ಓದುತ್ತಿದ್ದಳು. ಹದಿನಾರು ಜನರ ಹಿಂದೆ ಹದಿನೇಳನೆಯವರಾಗಿ ಆಚಾರ್ಯರು ನಡೆದರು. ಅಜ್ಜ ಕಟ್ಟಿದ ಮನೆಯ ಜಗಲಿಯ ಮುಂದೆ ಅವಳು ನಿಂತು ಕೈ ತೋರಿದಳು.

“ಏಳು ಕಂಬ, ಆರು ಅಂತರ. ಎರಡನೆಯದನ್ನು ನೋಡಿ, ಎಷ್ಟು ಅಗಲ! ಬಡಗಿ ಆ ದಿನ ಶೇಂದಿ ಕುಡಿದಿರಬೇಕು, ಅಲ್ವಾ?”

ಜನ ನಕ್ಕರು. ಆಚಾರ್ಯರು ಮುಂದೆ ಬಂದು ಟೇಪಿನ ತುದಿಯನ್ನು ಅವಳ ಕೈಗಿತ್ತರು.

“ಹಿಡಿಯಿರಿ. ಆ ಬಡಗಿ ನನ್ನ ಅಜ್ಜ. ನಗುವುದು ಆಮೇಲೆ.”

ಆರೂ ಅಂತರಗಳನ್ನು ಅಳೆದದ್ದಾಯಿತು. ಎರಡನೆಯದು ಐವತ್ತಾರು ಇಂಚು. ಅದರ ಎಡಬಲದವು ನಲವತ್ತನಾಲ್ಕು. ಉಳಿದ ಮೂರು ನಲವತ್ತೆಂಟು.

“ಕೈ ತಪ್ಪಿದರೆ ಕಂಬ ಒಂದು ಸರಿದೀತು,” ಎಂದರು ಆಚಾರ್ಯರು. “ಇಲ್ಲಿ ಎರಡು ಸರಿದಿವೆ. ಒಂದು ಎಡಕ್ಕೆ ನಾಲ್ಕು, ಒಂದು ಬಲಕ್ಕೆ ನಾಲ್ಕು. ಕುಡಿದವನ ಕೈಗೆ ಇಂಥ ಲೆಕ್ಕ ಬರುವುದಿಲ್ಲ. ಇದು ಬೇಕೆಂದೇ ಮಾಡಿದ್ದು.”

ಚೈತಾಲಿಯ ಮುಖ ಕೆಂಪಾಯಿತು. ಆದರೂ ಕೇಳಿದಳು: “ಹೌದು ಅಜ್ಜ, ತಪ್ಪಲ್ಲ. ಆದರೆ ಎಂತಕ್ಕೆ ಮಾಡಿದ್ದು?”

ಅಜ್ಜ ತಪ್ಪುವವರಲ್ಲ ಎಂದಷ್ಟೇ ಆಚಾರ್ಯರಿಗೆ ಗೊತ್ತಿತ್ತು.

ಉತ್ತರ ಒಳಗಿನಿಂದ ಬಂತು. ಮನೆಯೊಡತಿ, ಎಂಬತ್ತರ ಮೋಹಿನಿಯಮ್ಮ, ಗೋಡೆ ಹಿಡಿದುಕೊಂಡು ಹೊರಬಂದರು. “ಎರಡು ವರ್ಷದಿಂದ ಬರ್ತೀರಿ, ನನ್ನತ್ರ ಯಾರಾದರೂ ಕೇಳಿದ್ದುಂಟಾ? ನನ್ನ ಅಜ್ಜಿಗೆ ಕಾಲು ಬರ್ತಿರಲಿಲ್ಲ. ದಿನಾ ಸಂಜೆ ಕುರ್ಚಿ ಸಮೇತ ಎತ್ತಿ ಅಂಗಳದ ತುಳಸಿಕಟ್ಟೆಗೆ ಇಳಿಸ್ತಿದ್ದರು. ಹಿಂದೆ ಮುಂದೆ ಹಿಡಿದರೆ ಮೆಟ್ಟಿಲಲ್ಲಿ ಕುರ್ಚಿ ಓರೆಯಾಗಿ ಅವರಿಗೆ ಹೆದರಿಕೆ. ಹಾಗಾಗಿ ಇಬ್ಬರು ಆಚೆ ಈಚೆ ಹಿಡೀಬೇಕು.”

ಆ ಕುರ್ಚಿ ಈಗಲೂ ಜಗಲಿಯಲ್ಲಿಯೇ ಇತ್ತು. ಆಚಾರ್ಯರು ಅಳೆದರು: ಇಪ್ಪತ್ತು ಇಂಚು. ಇಬ್ಬರು ಆಳುಗಳಿಗೆ ತಲಾ ಹದಿನೆಂಟರಂತೆ ಮೂವತ್ತಾರು. ಕೂಡಿದರೆ ಐವತ್ತಾರು. ಅವರು ಟೇಪನ್ನು ಮಡಚಿ ಎರಡನೆಯ ಅಂತರದತ್ತ ಕೈ ತೋರಿದರು.

“ಕೂತುಕೊಳ್ಳಿ ಅಮ್ಮಾ,” ಎಂದಳು ಚೈತಾಲಿ.

“ಬೀಳಿಸಿದರೆ ನಿನ್ನನ್ನು ಬಿಡುವುದಿಲ್ಲ, ನೋಡು,” ಎನ್ನುತ್ತಲೇ ಮೋಹಿನಿಯಮ್ಮ ಕುಳಿತರು.

ಬಂದವರಲ್ಲಿ ಇಬ್ಬರು ಗಟ್ಟಿಗರು ಕುರ್ಚಿಯನ್ನು ಎರಡು ಬದಿಗಳಿಂದ ಎತ್ತಿದರು. ಪರೀಕ್ಷೆಗೆಂದು ಮೊದಲು ಹೊಕ್ಕ ಮೂರನೆಯ ಅಂತರದಲ್ಲಿ ಭುಜಗಳು ಕಂಬಕ್ಕೆ ತಾಗಿ ನಿಂತವು. ಎರಡನೆಯದರಲ್ಲಿ ಕುರ್ಚಿ ನೆಟ್ಟಗೆ ಹಾದು, ಮೆಟ್ಟಿಲಿಳಿದು, ಓರೆಯಾಗದೆ ಅಂಗಳ ಮುಟ್ಟಿತು. ತುಳಸಿಕಟ್ಟೆಯೆದುರು ಮೋಹಿನಿಯಮ್ಮ ಕಣ್ಣೊರೆಸಿಕೊಂಡರು. “ಮಂಡಿ ನೋವಿನಿಂದ ಮೂರು ತಿಂಗಳಾಯಿತು, ಇಲ್ಲಿಗಿಳಿದಿರಲಿಲ್ಲ. ನಿಮ್ಮ ಅಜ್ಜನಿಗೆ ಪುಣ್ಯ ಬರಲಿ ಆಚಾರ್ರೆ.”

ತಪ್ಪೊಪ್ಪಿಗೆ ಪಡೆಯಲು ಬಂದವರು ಕೈಮುಗಿದು ನಿಂತಿದ್ದರು. ಮೊದಲು ಮೋಹಿನಿಯಮ್ಮನಿಗೆ, ಬಳಿಕ ಹುಡುಗಿಗೆ.

“ನನಗೆ ಯಾಕೆ ಅಜ್ಜ? ನಾನು ತಪ್ಪು ಹೇಳಿದವಳು.”

“ನೀವು ತಪ್ಪು ಹೇಳದಿದ್ದರೆ ನಾನು ಬರುತ್ತಿರಲಿಲ್ಲ. ಅಜ್ಜನ ಕೈಯ ಅಳತೆ ಗೊತ್ತಿತ್ತು. ಮನಸ್ಸಿನದು ಇವತ್ತು ಗೊತ್ತಾಯಿತು.”

ಚೈತಾಲಿ ತನ್ನ ಪುಸ್ತಕದಲ್ಲಿ ಒಂದು ಸಾಲನ್ನು ಹೊಡೆದುಹಾಕಿದಳು. “ಅವರ ಹೆಸರು ಹೇಳಿ.”

“ಶೀನ ಆಚಾರಿ.”

ಅವಳು ಬರೆದುಕೊಂಡಳು. ಮತ್ತೆ ಜಗಲಿಯ ಮುಂದೆ ನಿಂತು, ಹದಿನಾರು ಜನರೆದುರು ಮೊದಲಿನಿಂದ ಆರಂಭಿಸಿದಳು: “ಈ ಮನೆ ಕಟ್ಟಿದವರು ಶೀನ ಆಚಾರಿ.”