ಒಳಗಿನ ಮರದ ಮೇಲಿನ ಸಹಿ

ಅಕ್ಕನಿಗೆ ಬೇಕಾಗಿದ್ದದ್ದು ಒಂದು ಚೀಟಿಯ ಮೇಲೆ ತನ್ನ ಹೆಸರು, ಅಷ್ಟೆ. ಅದನ್ನು ಬಾಯಿಬಿಟ್ಟು ಕೇಳಲು ಮಾತ್ರ ಅವಳು ತಯಾರಿರಲಿಲ್ಲ. ಕೇಳಿ ಹಾಕಿಸಿಕೊಂಡ ಹೆಸರಿಗೂ ಬೇಡಿ ತಂದ ಅಕ್ಕಿಗೂ ಏನು ವ್ಯತ್ಯಾಸ ಎನ್ನುವ ಜಂಬ ಅವಳದು.

ಚೀಟಿ ಬಂದದ್ದು ಒಂದು ವಿನ್ಯಾಸ ಪ್ರದರ್ಶನದವರಿಂದ. ಅಕ್ಕ, ತಮ್ಮ ಇಬ್ಬರೇ ಸೇರಿ ಒಂದು ಶೆಡ್ಡಿನಲ್ಲಿ ಕೈಟ್‌ಬೋರ್ಡ್ ಮಾಡುತ್ತಿದ್ದರು. ದೊಡ್ಡ ಗಾಳಿಪಟವನ್ನು ಸೊಂಟಕ್ಕೆ ಬಿಗಿದುಕೊಂಡು ಸಮುದ್ರದ ಮೇಲೆ ಜಾರುತ್ತಾರಲ್ಲ, ಅವರ ಕಾಲಡಿಯ ಹಲಗೆ. ವರ್ಷಕ್ಕೆ ನೂರು ಮಾರಿದರೆ ಅದೇ ಹೆಚ್ಚು. ಅಂಥದ್ದರಲ್ಲಿ ಅವರ ಒಂದು ಬೋರ್ಡನ್ನು ಆರಿಸಿ, ಅಡಿಭಾಗದ ಚಿತ್ರ ತುಂಬ ಹಿಡಿಸಿತು ಎಂದು ಬರೆದಿದ್ದರು. ಪ್ರದರ್ಶನದಲ್ಲಿ ಬೋರ್ಡಿನ ಪಕ್ಕ ಹಾಕಲು, ಮಾಡಿದವರ ಹೆಸರು ತುಂಬಿ ಕಳಿಸಿ ಎಂದು ಆ ಚೀಟಿ. ಹಗ್ಗದ ಮೇಲೆ ಒಣಗಲು ಹಾಕಿದ ಅಂಗಿಗಳು ಗಾಳಿಗೆ ಹೊಟ್ಟೆ ಉಬ್ಬಿಸಿಕೊಂಡಿರುವ ಚಿತ್ರ. ಸವಾರ ಮೇಲಕ್ಕೆ ಹಾರಿದಾಗ ದಡದಲ್ಲಿದ್ದವರಿಗೆ ಕಾಣುವುದು ಬೋರ್ಡಿನ ಅಡಿಯೇ ಎಂದು ಅಕ್ಕ ಒಳ್ಳೆಯದನ್ನೆಲ್ಲ ಅಡಿಗೇ ಬರೆಯುತ್ತಿದ್ದಳು. ಆಕಾರವೂ ಅವಳ ಕೈಯದೇ. ಕಾಗದವನ್ನು ಉದ್ದಕ್ಕೆ ಮಡಿಚಿ, ಅರ್ಧ ಅಂಚು ಬರೆದು, ಕತ್ತರಿಸಿ ಬಿಡಿಸಿದರೆ ಎರಡು ಬದಿಯೂ ಒಂದೇ ಸಮ. ಅದನ್ನು ಮರದ ಮೇಲಿಟ್ಟು ಕೊಯ್ಯುವುದು, ಉಜ್ಜುವುದು, ಮೇಲಿನ ಪದರ ಅಂಟಿಸಿ ಪ್ರೆಸ್ಸಿನಲ್ಲಿ ಒತ್ತುವುದು ತಮ್ಮನ ಪಾಲು.

"ಚೀಟಿ ನಾನೇ ತುಂಬ್ತೀನಿ ಬಿಡಕ್ಕ," ಅಂದಿದ್ದ ತಮ್ಮ. ಅವಳು ಹೂಂ ಅಂದಿದ್ದಳು.

ಅವಳ ಧೈರ್ಯಕ್ಕೆ ಕಾರಣವಿತ್ತು. ಒಂಬತ್ತು ವರ್ಷದ ಹಿಂದೆ, ಮೊದಲ ಬೋರ್ಡಿನ ದಿನ, ತಮ್ಮನೇ ಒಂದು ಪದ್ಧತಿ ಹಾಕಿದ್ದ. ಒಳಗಿನ ಮರದ ಮೇಲೆ ಇಬ್ಬರೂ ಪೆನ್ಸಿಲ್‌ನಲ್ಲಿ ಸಹಿ ಹಾಕಬೇಕು. ಅದರ ಮೇಲೆ ಫೈಬರ್‌ಗ್ಲಾಸು, ಅದರ ಮೇಲೆ ಚಿತ್ರ. ಬೋರ್ಡು ಗಟ್ಟಿಯಿರುವ ತನಕ ಯಾರ ಕಣ್ಣಿಗೂ ಬೀಳುವುದಿಲ್ಲ. "ಹೊರಗೆ ಕಂಪನಿ ಹೆಸ್ರು, ಒಳಗೆ ನಮ್ಮಿಬ್ರದು," ಅಂದಿದ್ದ. ಅಂದಿನಿಂದ ಅಕ್ಕ ಸಂಜೆ ಮನೆಗೆ ಹೊರಡುವ ಮುಂಚೆ ಮರುದಿನ ಪ್ರೆಸ್ಸಿಗೆ ಹೋಗುವ ಮರವಿದ್ದರೆ ಅದರ ಮೇಲೆ ಸಹಿ ಹಾಕಿ ಹೋಗುತ್ತಿದ್ದಳು. ತಮ್ಮ ಬೆಳಿಗ್ಗೆ ಬಂದು ತನ್ನದನ್ನು ಹಾಕುತ್ತಿದ್ದ. ತನ್ನ ಹೆಸರು ಎಷ್ಟೋ ಸಮುದ್ರ ಈಜಿ ಬಂದಿದೆ ಎಂದು ಅವಳು ಒಬ್ಬಳೇ ನಗುವುದೂ ಇತ್ತು, ಹುಚ್ಚಿ.

ಚೀಟಿ ಬಂದ ವಾರವೇ ಒಬ್ಬ ಗಿರಾಕಿ ಮುರಿದ ಬೋರ್ಡು ಹೊತ್ತು ತಂದ. ಯಾರೂ ಕೇಳುವ ಮುಂಚೆಯೇ "ಬಂಡೆಗೆ ಗಿಂಡೆಗೆ ಬಡಿದಿಲ್ಲ ನೋಡಿ" ಅಂದ; ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಆಸಾಮಿ. ಇಂಥವನ್ನು ಕೊಯ್ದು, ತಪ್ಪು ಅಂಟಿನದೋ ಸವಾರನದೋ ಎಂದು ನೋಡುವುದು ಯಾವಾಗಲೂ ತಮ್ಮನ ಕೆಲಸ. ಅವತ್ತು ತಮ್ಮ ಹೊಸ ಬೋರ್ಡು ಪರೀಕ್ಷಿಸಲು ಕಡಲಿಗೆ ಹೋಗಿದ್ದ. ಗಿರಾಕಿಯನ್ನು ಕಾಯಿಸುವುದೇಕೆ ಎಂದು ಅಕ್ಕನೇ ಗರಗಸ ಹಿಡಿದಳು.

ತಪ್ಪು ಅಂಟಿನದೇ. ಪದರ ಬಾಳೆಸಿಪ್ಪೆಯ ಹಾಗೆ ಸಲೀಸಾಗಿ ಎದ್ದು ಬಂತು. ಕೆಳಗೆ ಮರದ ಮೇಲೆ ತಮ್ಮನ ಸಹಿ, ತಾರೀಖು. ಪಕ್ಕದಲ್ಲಿ ಏನೂ ಇಲ್ಲ.

ಗಿರಾಕಿಗೆ ಹೊಸದು ಕೊಡುತ್ತೇವೆಂದು ಹೇಳಿ ಕಳಿಸಿದಳು. ಆಮೇಲೆ ಶೆಡ್ಡಿನ ಹಿಂದೆ ತಮ್ಮ ಕೊಯ್ದು ಪೇರಿಸಿಟ್ಟಿದ್ದ ಹಳೆಯ ತುಂಡುಗಳನ್ನೆಲ್ಲ ಒಂದೊಂದಾಗಿ ಎಳೆದು ನೋಡಿದಳು. ಹನ್ನೊಂದು ಸಿಕ್ಕವು. ಹನ್ನೊಂದರಲ್ಲೂ ಅವನೊಬ್ಬನೇ.

ತಮ್ಮ ಒದ್ದೆ ತಲೆ ಒರೆಸಿಕೊಳ್ಳುತ್ತ ಬಂದಾಗ ಅವಳು ತುಂಡನ್ನು ಮುಂದೆ ಹಿಡಿದಳು.

"ನನ್ನ ಸಹಿ ಎಲ್ಲೋ?"

ಅವನು ಬಗ್ಗಿ ನೋಡಿದ. "ಓ ಇದಾ. ನೀನು ಹೋದ್ಮೇಲೆ ಕೊನೇ ಸಲ ಉಪ್ಪುಕಾಗದ ಹಾಕಿ ಉಜ್ಜೋದಿರುತ್ತಲ್ಲಕ್ಕ. ಇಲ್ದಿದ್ರೆ ದಪ್ಪ ಸರಿ ಬರಲ್ಲ. ಅದ್ರಲ್ಲಿ ಹೋಗ್ಬಿಡುತ್ತೆ."

"ನಿಂದು ಹೋಗಲ್ಲ?"

"ನಾನು ಉಜ್ಜಿದ್ಮೇಲೆ ತಾನೇ ಹಾಕೋದು."

"ಒಂಬತ್ತು ವರ್ಷ! ಉಜ್ಜಿದ್ಮೇಲೆ ಬಾ ಅಕ್ಕ ಅಂತ ಒಂದು ಮಾತು ಹೇಳೋಕಾಗ್ಲಿಲ್ವಾ?"

"ಹೇಳಿದ್ರೆ ನಿಂಗೆ ಬೇಜಾರಾಗ್ತಿತ್ತು. ಪ್ರತಿ ಸಲ ಅಷ್ಟು ಖುಷಿಯಾಗಿ ಹಾಕಿ ಹೋಗ್ತಿದ್ದೆ." ಅವನು ಟವೆಲನ್ನು ಕುರ್ಚಿಯ ಮೇಲೆ ಹಾಕಿದ. "ಹೇಗೂ ಯಾರೂ ನೋಡಲ್ಲ ಬಿಡು."

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಅಕ್ಕ ಅದನ್ನು ಬೇರೆಯವರ ಮನೆಯ ಕಥೆಗೆ ಎಷ್ಟೋ ಸಲ ಹೇಳಿದ್ದಳು. ಈಗ ಜಂಬವನ್ನೆಲ್ಲ ನುಂಗಿಕೊಂಡು ಕೇಳಿದಳು.

"ಆ ಪ್ರದರ್ಶನದ ಚೀಟಿ ತುಂಬಿದ್ಯಾ?"

"ನಿನ್ನೇನೇ ಕಳಿಸ್ದೆ." ಅವನು ಫೋನಿನಲ್ಲಿ ತೆಗೆದು ಹೆಮ್ಮೆಯಿಂದ ತೋರಿಸಿದ. ವಿನ್ಯಾಸ ಮತ್ತು ತಯಾರಿಕೆ ಎಂಬ ಕಡೆ ಅವನ ಪೂರ್ತಿ ಹೆಸರು. ಕೆಳಗೆ ಸಣ್ಣದಾಗಿ, ಚಿತ್ರ ಸಹಾಯ: ಮನೆಯವರು.

ಅವಳು ಎರಡು ಸಲ ಓದಿದಳು.

"ಮನೆಯವರು ಯಾರೋ?"

"ನೀನೇ ಅಲ್ವೇನಕ್ಕ! ನಮ್ಮನೇಲಿ ಚಿತ್ರ ಬರೆಯೋರು ಇನ್ಯಾರಿದಾರೆ?"

ಕೇಳಿದ ರೀತಿಯಲ್ಲಿ ಕಪಟ ಇರಲಿಲ್ಲ. ಸುಳ್ಳನಾಗಿದ್ದರೆ ಕೂದಲು ಹಿಡಿದು ಜಗಳವಾಡಬಹುದಿತ್ತು, ಚಿಕ್ಕವನಿದ್ದಾಗ ಆಡಿದ ಹಾಗೆ. ಇವನು ಹೇಳುತ್ತಿದ್ದದ್ದನ್ನು ಇವನೇ ನಂಬಿದ್ದ. ಇವನ ಮುಂದೆ ಅಳಬಾರದು ಎಂಬ ಒಂದೇ ಹಟದಿಂದ ತನ್ನ ಮೇಜಿನ ಹತ್ತಿರ ಹೋದಳು.

ಗೋಡೆಯ ಮೊಳೆಗಳಿಗೆ ತೂಗುಹಾಕಿದ್ದ ಕಾಗದದ ಆಕಾರಗಳನ್ನು ಒಂದೊಂದಾಗಿ ಇಳಿಸಿದಳು. ಹೋದ ವರ್ಷದವು, ಮುಂದಿನ ಸೀಸನ್ನಿನವು, ಗಾಳಿ ಕಮ್ಮಿ ಇದ್ದಾಗ ಬಳಸುವ ಅಗಲದವು, ಎಲ್ಲ. ಮಡಿಚಿದ ಗೆರೆಯಲ್ಲೇ ಮತ್ತೆ ಮಡಿಚಿದಳು. ಚಿತ್ರದ ಪುಸ್ತಕಗಳನ್ನು ಜೋಡಿಸಿ ದಾರದಿಂದ ಬಿಗಿದಳು. ಎರಡು ಕಟ್ಟಾದವು, ಒಂದೇ ಸಲಕ್ಕೆ ಎತ್ತಲಾಗದಷ್ಟು ಭಾರ.

"ಏನಕ್ಕ, ಕ್ಲೀನ್ ಮಾಡ್ತಿದೀಯಾ?" ತಮ್ಮ ಚಹಾ ಲೋಟ ಹಿಡಿದು ಬಂದ.

"ಹೂಂ."

"ಒಳ್ಳೇ ಕೆಲ್ಸ. ರೆಸಿನ್ ಅಂಟಿನ ಡ್ರಮ್ ಇಡೋಕೆ ಜಾಗನೇ ಇರ್ಲಿಲ್ಲ." ಲೋಟ ಕೆಳಗಿಟ್ಟು, ಭಾರವಾದ ಕಟ್ಟನ್ನು ತಾನೇ ಹೆಗಲಿಗೆ ಹಾಕಿಕೊಂಡು ಅವಳ ಗಾಡಿಯ ತನಕ ಹೊತ್ತು ತಂದು ಇಟ್ಟ.