ಜಾಕೆಟ್ಟಿನ ಜೇಬಿನಲ್ಲಿದ್ದ ಮರಿ

ಬಹಳ ಹಿಂದೆ, ಡಕೋಟಾದ ಈ ಬೋಳು ಗುಡ್ಡಗಳೆಲ್ಲ ಹಸಿರಾಗಿದ್ದಾಗ, ಮೊಲದಷ್ಟೇ ಎತ್ತರದ ಜಿಂಕೆಗಳು ಇಲ್ಲಿ ಓಡಾಡುತ್ತಿದ್ದವಂತೆ. ಕೊಂಬಿಲ್ಲ, ಪುಕ್ಕಲು. ಒಂದು ದಿನ ಏನೋ ಸದ್ದಿಗೆ ಬೆದರಿ ಕಲ್ಲಿನೊಳಗೆ ಹೊಕ್ಕವು, ಇನ್ನೂ ಹೊರಬಂದಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಪಳೆಯುಳಿಕೆ ಅಗೆಯಲು ಬರುವವರು ಅವನ್ನು ಲೆಪ್ಟೊಮೆರಿಕ್ಸ್ ಎನ್ನುತ್ತಾರೆ. ಅಕ್ಕ ಡೆಲ್ಫಿನ್‌ಗೆ ಆ ಹೆಸರು ನಾಲಿಗೆಗೆ ಹತ್ತಲಿಲ್ಲ. "ನನ್ನ ಮರಿ" ಎನ್ನುತ್ತಿದ್ದಳು.

ಮಳೆ ಕೊರೆದ ದಂಡೆಯಲ್ಲಿ ಅವಳಿಗೆ ಸಿಕ್ಕಿದ್ದು ಅಂಥದೊಂದರ ಕಲ್ಲಾದ, ಕಿರುಬೆರಳುದ್ದದ ದವಡೆ. ಜೀನ್ಸ್ ಜಾಕೆಟ್ಟಿನ ಜೇಬಿಗೆ ಹಾಕಿಕೊಂಡಳು. ಜನವರಿಯಲ್ಲಿ ಹಿಮದ ರಸ್ತೆಯಲ್ಲಿ ಅವಳ ಕಾರು ಮಗುಚಿತು, ಅವಳು ಮರಳಲಿಲ್ಲ. ಜಾಕೆಟ್ ಮನೆಯಲ್ಲೇ ಮೊಳೆಗೆ ತೂಗುತ್ತಿತ್ತು. ವರ್ಷವಿಡೀ ಆ ಜೇಬಿಗೆ ಕೈ ಹಾಕಿ ಹಲ್ಲು ಸವರಿದ್ದೇನೆ. ಐದು ಹಲ್ಲು, ಆರನೆಯದು ಮುರಿದಿತ್ತು.

ಇಲ್ಲಿನ ಮೂಲನಿವಾಸಿಗಳಾದ ನಮ್ಮ ಲಕೋಟ ಜನ ಸಾವಿಗೆ ವರ್ಷ ತುಂಬಿದ ದಿನ ಸತ್ತವರದನ್ನೆಲ್ಲ ಹಂಚುತ್ತಾರೆ. ಕೊಟ್ಟದ್ದನ್ನು ಮರಳಿ ಕೇಳುವಂತಿಲ್ಲ. ಏನಾದರೂ ಹಿಡಿದಿಟ್ಟುಕೊಂಡರೆ ಹೋಗುವವರ ಕಾಲು ತೊಡರುತ್ತದೆ ಎನ್ನುತ್ತಾಳೆ ಅಜ್ಜಿ. ಆದರೂ ದವಡೆಯೊಂದನ್ನಾದರೂ ಕದ್ದಿಡಬೇಕೆಂದಿದ್ದೆ. ಜೇಬಿನಿಂದ ತೆಗೆದರೆ ಬರೀ ಕಲ್ಲಾಗಿಬಿಡುತ್ತದೇನೋ ಎಂದು ಇವತ್ತು ನಾಳೆ ಅನ್ನುತ್ತಲೇ ಉಳಿದೆ. ಅಕ್ಕನಿಗೆ ವರ್ಷ ತುಂಬಿದ ಬೆಳಿಗ್ಗೆ ಸಾರಿನ ಪಾತ್ರೆಯನ್ನು ಕಾರಿನಲ್ಲಿಟ್ಟು ಬರುವಷ್ಟರಲ್ಲಿ ಮೊಳೆ ಬರಿದಾಗಿತ್ತು.

ಸಮುದಾಯ ಭವನದಲ್ಲಿ ಕೌದಿಗಳೆಲ್ಲ ಹಂಚಿ ಮುಗಿದ ಮೇಲೆ ಅಜ್ಜಿ ಜಾಕೆಟ್ ಎತ್ತಿ ಹಿಡಿದಳು.

"ಏ ಲವಾನ್, ಬಾರೇ. ಗುಂಡಿ ಕೂಡುತ್ತೋ ನೋಡೋಣ!"

"ಎಲ್ಲಿ ಕೂಡುತ್ತೆ ಅತ್ತೆ? ನಿಮ್ಮ ಕರಿದ ರೊಟ್ಟಿ ತಿಂದೇ ಹೀಗಾಗಿದೀನಿ," ಎಂದಳು ಲವಾನ್ ಚಿಕ್ಕಮ್ಮ. ಜನ ನಕ್ಕರು. ತೋಳು ತೂರಿಸಿದವಳು ಜೇಬಿಗೆ ಕೈ ಹಾಕಿದಳು.

"ಅಯ್ಯ, ಇದೇನೇ? ಮೊಲದ ಹಲ್ಲಾ?"

"ಜಿಂಕೆದು, ಚಿಕ್ಕಮ್ಮ."

"ಇಷ್ಟೇ ಇಷ್ಟು ಜಿಂಕೆನಾ!" ನನ್ನ ಮುಖ ನೋಡಿ ಅವಳ ನಗು ನಿಂತಿತು. ಹತ್ತಿರ ಬಂದು ಪಿಸುಗುಟ್ಟಿದಳು: "ಬೇಕೇನೇ ಪುಟ್ಟಿ? ನಾನೇ ಕೊಟ್ಟೆ ಅನ್ಕೋ."

ದವಡೆಯಿದ್ದ ಅವಳ ಅಂಗೈ ನನ್ನ ಮುಂದೆ ಬಿಚ್ಚಿಕೊಂಡಿತ್ತು. ಅಜ್ಜಿ ನೆಲ ನೋಡುತ್ತಿದ್ದಳು. ಆ ಹಿಮದ ರಸ್ತೆಯಲ್ಲಿ ಅಕ್ಕ ಒಂದು ವರ್ಷದಿಂದ ನಿಂತೇ ಇದ್ದಾಳೆ, ನಾನು ಜೇಬು ಹಿಡಿದು ಜಗ್ಗುತ್ತಿದ್ದೇನೆ ಅನ್ನಿಸಿತು.

"ಇಲ್ಲ ಚಿಕ್ಕಮ್ಮ. ನಿಮ್ದೇ ಅದು."

ಅವಳು ಅದನ್ನು ಜೇಬಿಗಿಳಿಸಿ ಮೆಲ್ಲಗೆ ತಟ್ಟಿ, ಬಾಗಿಲ ಕಡೆ ನಡೆದಳು. ಜಾಕೆಟ್ಟಿನ ಮೊಣಕೈಯಲ್ಲಿ ಅಕ್ಕನ ತೋಳು ಬೀಳಿಸಿದ ಮಡಿಕೆಗಳು ಇನ್ನೂ ಹಾಗೇ ಇದ್ದವು.